ಅಕ್ಕನ ರೂಲ್ಸು

ನನಗೆ ನನ್ನ ಅಕ್ಕನನ್ನು ಕಂಡರೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ನನಗೇನೂ ಆಗಬೇಕಾಗಿಲ್ಲ. ನಾನು ಹಾಲು ಹಾಕುವ ಮನೆಗಳವರಿಗೆಲ್ಲ ಗೊತ್ತು, ನಮ್ಮ ಪಶುವೈದ್ಯರಿಗೆ ಗೊತ್ತು, ಹಸುಗಳಿಗಂತೂ ಬಾಯಿಪಾಠ. ಅಕ್ಕನ ಮೇಲಿನ ಸಿಟ್ಟನ್ನೆಲ್ಲ ನಾನು ದಿನಾ ಬೆಳಗ್ಗೆ ಅವುಗಳ ಮುಂದೆಯೇ ಕಾರಿಕೊಳ್ಳುವುದು. ಅವು ಮೆಲುಕು ಹಾಕುತ್ತಾ ಕೇಳುತ್ತವೆ. ನಡುವೆ ಬಾಯಿ ಹಾಕಿ "ಹಾಗನ್ನಬೇಡ ಕಣೇ, ಎಷ್ಟಾದ್ರೂ ನಿನ್ನ ಅಕ್ಕ" ಎನ್ನುವುದಿಲ್ಲ. ಮನುಷ್ಯರಿಗಿಂತ ಹಸುಗಳು ನನಗೆ ಒಗ್ಗುವುದು ಅದಕ್ಕೇ.

ಮನೆಯಲ್ಲಿ ನಾನು, ಅಮ್ಮ. ಹಿತ್ತಲ ಕೊಟ್ಟಿಗೆಯಲ್ಲಿ ಒಂಬತ್ತು ಹಸು. ಅಪ್ಪ ಹೋದಾಗ ಇದ್ದದ್ದು ಎರಡೇ, ಉಳಿದವೆಲ್ಲ ನನ್ನ ಕೈಯಲ್ಲೇ ಹುಟ್ಟಿದವು. ನನಗೂ ಒಂದು ಮದುವೆ ಎಂಬುದು ಆಗಿತ್ತು. ಆ ಮಹಾನುಭಾವನಿಗೆ ಸಗಣಿ ವಾಸನೆ ಆಗುತ್ತಿರಲಿಲ್ಲ, ನನಗೆ ಅವನೇ ಆಗುತ್ತಿರಲಿಲ್ಲ. ಬಂದುಬಿಟ್ಟೆ. ಅಂದಿನಿಂದ ಅಮ್ಮನ ಮಾತ್ರೆ, ಅಮ್ಮನ ಕನ್ನಡಕ, ಅಮ್ಮನ ಗೊಣಗಾಟ ಎಲ್ಲ ನನ್ನ ಪಾಲಿಗೆ. ಅಮ್ಮನ ಹೆಮ್ಮೆ ಪೂರ್ತಿ ಅಕ್ಕನ ಪಾಲಿಗೆ.

ಅಕ್ಕ ಪ್ರಾಣಿಗಳ ರೋಗನಿರೋಧಕ ಶಕ್ತಿಯ ಮೇಲೆ ಸಂಶೋಧನೆ ಮಾಡುವ ವಿಜ್ಞಾನಿ. ಊರಾಚೆ, ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಎರಡು ಸುತ್ತು ಬೇಲಿಯ ಸಂಶೋಧನಾಲಯ. ಅಲ್ಲೇ ಪಕ್ಕದ ಕ್ವಾರ್ಟರ್ಸಿನಲ್ಲಿ ಅವಳ ವಾಸ. ಕಾಲುಬಾಯಿ ಜ್ವರ ಅವಳ ವಿಷಯ. ದನದ ಬಾಯಲ್ಲಿ, ಗೊರಸಿನ ಸಂದಿಯಲ್ಲಿ ಗುಳ್ಳೆ ಎದ್ದು, ಜೊಲ್ಲು ಸುರಿಸುತ್ತಾ, ಮೇವು ಬಿಟ್ಟು ನಿಂತುಬಿಡುವ ರೋಗ. ಒಂದಕ್ಕೆ ಬಂದರೆ ಇಡೀ ಕೊಟ್ಟಿಗೆಗೆ ಬಂತೆಂದೇ ಲೆಕ್ಕ. ಒಮ್ಮೆ ರೋಗ ಬಂದು ಗುಣವಾದ ಹಸುವಿನ ರಕ್ತ ಆ ಶತ್ರುವನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತದಂತೆ, ಲಸಿಕೆ ಹಾಕಿಸಿಕೊಂಡ ಹಸುವಿನ ರಕ್ತ ಕೆಲವೇ ತಿಂಗಳಲ್ಲಿ ಮರೆತುಬಿಡುತ್ತದಂತೆ. ಯಾಕೆ ಮರೆಯುತ್ತದೆ ಎಂದು ಕಂಡುಹಿಡಿಯುವುದೇ ಅಕ್ಕನ ಕೆಲಸ. ಅಮ್ಮ ಇದನ್ನು ಬೀದಿಗೆಲ್ಲ ತನ್ನದೇ ರೀತಿಯಲ್ಲಿ ಹಂಚಿದ್ದಳು: "ನನ್ನ ದೊಡ್ಡ ಮಗಳು ದನಗಳಿಗೆ ಜ್ಞಾಪಕಶಕ್ತಿ ಬರೋ ಔಷಧಿ ಮಾಡ್ತಿದಾಳೆ." ಎದುರುಮನೆ ದರ್ಜಿ ತನ್ನ ಮಗನ ಪರೀಕ್ಷೆ ಹತ್ತಿರ ಬಂದಾಗ, ಆ ಔಷಧಿ ಒಂದು ಬಾಟಲಿ ಸಿಗುತ್ತಾ ಎಂದು ಕೇಳಿದ್ದ.

ಇನ್ನು ರೂಲ್ಸು. ರೋಗಾಣು ಇರುವ ಒಳಕಟ್ಟಡಕ್ಕೆ ಹೋದವರು ಪ್ರತಿ ಸಲವೂ ತಲೆಗೆ ಸ್ನಾನ ಮಾಡಿಯೇ ಹೊರಗೆ ಬರಬೇಕು. ಒಳಗಿನ ಬಟ್ಟೆ ಒಳಗೇ. ಅಷ್ಟಾದ ಮೇಲೂ ಏಳು ದಿನ ಸೀಳುಗೊರಸಿನ ಪ್ರಾಣಿಯ ಹತ್ತಿರ ಸುಳಿಯುವಂತಿಲ್ಲ. ಹಸು, ಎಮ್ಮೆ, ಕುರಿ, ಮೇಕೆ, ಹಂದಿ, ಇವು ಇರುವ ಮನೆಯ ಅಂಗಳಕ್ಕೂ ಕಾಲಿಡುವಂತಿಲ್ಲ. ಆ ರೋಗಾಣು ಮನುಷ್ಯರಿಗೆ ಏನೂ ಮಾಡುವುದಿಲ್ಲ, ಆದರೆ ಮೂಗಿನಲ್ಲಿ ಕೂತು ಪುಕ್ಕಟೆ ಸವಾರಿ ಮಾಡಿಕೊಂಡು ದನದ ತನಕ ಬರಬಲ್ಲದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಕ್ಕ ರಜಾ ಹಾಕಿ, ಏಳು ದಿನ ಕ್ವಾರ್ಟರ್ಸಿನಲ್ಲೇ ಕಳೆದು, ಎಂಟನೆಯ ದಿನ ಮನೆಗೆ ಬಂದದ್ದುಂಟು. ಆಮೇಲೆ ಕೆಲಸ ಹೆಚ್ಚಿತು, ಬರುವುದು ನಿಂತಿತು. ಅಮ್ಮನೇ ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ, ಸಂಶೋಧನಾಲಯದ ಸ್ಟಾಪಿನ ಬೇಕರಿಯಲ್ಲಿ ಅವಳನ್ನು ನೋಡಿ ಬರುವುದು ರೂಢಿಯಾಯಿತು.

ಹೋಗುವ ದಿನ ಅಮ್ಮನನ್ನು ನೋಡಬೇಕಿತ್ತು! ಬೆಳಗ್ಗೆಯೇ ಇಸ್ತ್ರಿ ಮಾಡಿದ ಬಟ್ಟೆ, ಮುಖಕ್ಕೆ ಪೌಡರು, ಕೈಯಲ್ಲಿ ಕೊಡೆ. ಮಂಡಿ ನೋವು ಎಂದು ಅಂಗಡಿಗೆ ನನ್ನನ್ನೇ ಓಡಿಸುವವಳು ಅಂದು ಬಸ್ಸಿಗೆ ಓಡುತ್ತಿದ್ದಳು. ಸಂಜೆ ವಾಪಸು ಬಂದರೆ ನಾನು ಗೇಟಿನಲ್ಲೇ ತಡೆಯುತ್ತಿದ್ದೆ. "ನೆಟ್ಟಗೆ ಬಚ್ಚಲಿಗೆ ನಡಿ. ತಲೆಗೆ ಸ್ನಾನ. ಮೂಗು ಚೆನ್ನಾಗಿ ತೊಳ್ಕೋ. ಚಪ್ಪಲಿ ಔಷಧಿ ನೀರಿಗೆ ಹಾಕು."

"ಒಂದು ಟೀ ಕುಡಿದು ಬಂದಿದೀನಿ ಕಣೇ, ಯುದ್ಧಕ್ಕೆ ಹೋಗಿರ್ಲಿಲ್ಲ."

"ನನ್ನ ಹಸುಗಳಿಗೆ ಏನಾದ್ರೂ ಆದ್ರೆ?"

ಹಸುಗಳ ಚಿಂತೆ ಸುಳ್ಳಲ್ಲ. ಆದರೆ ಅಮ್ಮ ಒದ್ದೆ ತಲೆಯಲ್ಲಿ ನಡುಗುತ್ತಾ ಬಚ್ಚಲಿನಿಂದ ಬಂದಾಗ ನನ್ನ ಹೊಟ್ಟೆ ತಣ್ಣಗಾಗುತ್ತಿದ್ದದ್ದೂ ಸುಳ್ಳಲ್ಲ. ಅಕ್ಕನ ಮೈಯಿಂದ ತಂದದ್ದೆಲ್ಲ ತೊಳೆದುಹೋಯಿತಲ್ಲ ಎಂಬ ತೃಪ್ತಿ. ರಾತ್ರಿ ಊಟಕ್ಕೆ ಕೂತರೆ ಮತ್ತೆ ಶುರು. ಅಕ್ಕ ಇಳಿದುಹೋಗಿದ್ದಾಳೆ, ಅಕ್ಕನ ಪ್ರಬಂಧ ಎಲ್ಲೋ ಓದಿದರಂತೆ, ಅಕ್ಕ ಅಂದಳು, ಅಕ್ಕ ನಕ್ಕಳು. ನಾನು ಬಡಿಸುತ್ತಾ ಇರುತ್ತಿದ್ದೆ. ಹಾಲಿನ ಕೆಲಸ ಮುಗಿಸಿ ಬೆನ್ನು ಬಿದ್ದುಹೋಗುತ್ತಿದೆ ಎಂದು ನಾನಂದರೆ "ಹ್ಞೂಂ, ಎಣ್ಣೆ ಹಚ್ಕೋ" ಎಂದು ಮತ್ತೆ ಅಕ್ಕನ ಕಥೆಗೆ ಹೋಗುತ್ತಿದ್ದಳು.

ಹೀಗೇ ನಡೆಯುತ್ತಿರಲು ಈ ವರ್ಷ ಅಮ್ಮನ ಮಂಡಿ ನಿಜವಾಗಿಯೂ ಕೈಕೊಟ್ಟಿತು. ಬಸ್ಸಿನ ಮೆಟ್ಟಿಲು ಹತ್ತುವ ಮಾತು ಬಿಡು, ಅಂಗಳ ದಾಟುವುದೇ ಕಷ್ಟ. ಡಾಕ್ಟರು ಪ್ರಯಾಣ ಬೇಡವೇ ಬೇಡ ಎಂದರು. ಎರಡು ತಿಂಗಳು ಅಮ್ಮ ಫೋನಿನಲ್ಲಿ ಮಾತ್ರ ಅಕ್ಕನ ಜೊತೆ ಮಾತಾಡಿದಳು. ಮೂರನೆಯ ತಿಂಗಳು, ನಾನು ಹಾಲಿನ ಕ್ಯಾನು ತೊಳೆದು ಬೋರಲು ಹಾಕುತ್ತಿದ್ದಾಗ, ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವಳು ಹವಾಮಾನದ ಬಗ್ಗೆ ಹೇಳುವ ಹಾಗೆ ಹೇಳಿದಳು.

"ಹಸುಗಳನ್ನ ಕೊಟ್ಟುಬಿಡೋಣ. ಡೈರಿ ಯಜಮಾನ ಒಂಬತ್ತನ್ನೂ ಒಟ್ಟಿಗೆ ತಗೋತಾನಂತೆ. ಸೋಮವಾರ ನೋಡೋಕೆ ಬಾ ಅಂದಿದೀನಿ."

ಕ್ಯಾನು ನನ್ನ ಕೈಯಿಂದ ಜಾರಿತು. "ಏನಂದೆ?"

"ಕೊಟ್ಟಿಗೆ ಖಾಲಿ ಆದ್ರೆ ಅವಳು ಬರಬಹುದಲ್ಲ. ನಾನಂತೂ ಹೋಗೋಕಾಗಲ್ಲ."

"ಅವಳು ಬಂದು ಟೀ ಕುಡಿಯೋಕೆ ನನ್ನ ಹಸು ಮಾರ್ತೀಯಾ?"

"ನಿನಗೂ ಬೆನ್ನು ನೋವು ಅಂತಿದ್ದೆ..."

"ನನ್ನ ಬೆನ್ನಿನ ಸುದ್ದಿ ಎತ್ತಬೇಡ! ಇಷ್ಟು ವರ್ಷ ನೆನಪಾಗದ ಬೆನ್ನು ಇವತ್ತು ನೆನಪಾಯ್ತಾ?"

ಅಮ್ಮ ಕುರ್ಚಿ ಹಿಡಿದು ಎದ್ದು ಒಳಗೆ ಹೋದಳು. ಮನೆ ಅವಳದು, ಕೊಟ್ಟಿಗೆ ಅವಳದು, ಅಪ್ಪನ ಕಾಲದ ಮೊದಲೆರಡು ಹಸುವೂ ಅವಳದೇ. ಹಟ ಹಿಡಿದರೆ ಅಮ್ಮನನ್ನು ಅಲುಗಾಡಿಸುವವರು ಯಾರೂ ಇಲ್ಲ, ನಾನು ಬಂದಿರುವುದೂ ಅದೇ ಹೊಟ್ಟೆಯಿಂದ. ಕೊಟ್ಟಿಗೆಗೆ ಹೋಗಿ ಮೊಂಡಿಯ ಕುತ್ತಿಗೆಗೆ ಮುಖ ಒತ್ತಿ ಅತ್ತೆ. ಮೊಂಡಿ ಎಂದರೆ ಎಲ್ಲರನ್ನೂ ಒದೆಯುವ ನನ್ನ ಕಂದು ಹಸು. ಅವತ್ತು ನನ್ನನ್ನು ಒದೆಯಲಿಲ್ಲ.

ಮಾರನೆಯ ದಿನ ಬೆಳಗಿನ ಹಾಲು ಹಾಕಿ ಬಂದವಳೇ ಸ್ನಾನ ಮಾಡಿ ಬಸ್ಸು ಹತ್ತಿದೆ. ಅಕ್ಕನನ್ನು ಮುಖಾಮುಖಿ ಕಂಡು ವರ್ಷಗಳಾಗಿದ್ದವು. ದಿನವಿಡೀ ದನದ ನಡುವೆ ಇರುವ ನಾನು ಅವಳ ಹತ್ತಿರ ಹೋಗುವುದು ಎಲ್ಲಕ್ಕಿಂತ ಅಪಾಯ ಎಂದು ನಾನೇ ಅಮ್ಮನಿಗೆ ಭಾಷಣ ಮಾಡಿದ್ದೆ. ಇರಲಿ, ಗೇಟಿನ ಆಚೆ ಅವಳು, ಈಚೆ ನಾನು, ರಸ್ತೆಯಲ್ಲೇ ನಿಂತು ಜಗಳ ಆಡುತ್ತೇನೆ. ಏಳು ದಿನ ರಜಾ ಹಾಕಿ ಕೂತು ಎಂಟನೆಯ ದಿನ ಬಾರೇ ಮಹಾರಾಣಿ, ಹಸು ಮಾರಿಸಬೇಡ ಎನ್ನುತ್ತೇನೆ. ಬಸ್ಸಿನಲ್ಲಿ ಮನಸ್ಸಿನಲ್ಲೇ ನಾಲ್ಕು ಸಲ ಬೈದು ತಾಲೀಮು ಮಾಡಿಕೊಂಡೆ.

ಗೇಟಿನ ಕಾವಲುಗಾರನಿಗೆ ಅಕ್ಕನ ಹುದ್ದೆ ಹೇಳಿ, ನಾನು ತಂಗಿ ಎಂದೆ. ಅವನು ಪುಸ್ತಕ ನನ್ನ ಮುಂದೆ ತಳ್ಳಿ "ಸೈನ್ ಮಾಡಿ, ಒಳಗೆ ಹೋಗಿ" ಎಂದ.

"ನಾನು ಹಸು ಸಾಕಿದೀನಪ್ಪ. ಒಂಬತ್ತು. ಅವರನ್ನೇ ಹೊರಗೆ ಕರೀರಿ."

"ಹಸು ಇದ್ರೆ ಏನು? ನೀವು ಹೋಗ್ತಿರೋದು ಹೊರಕಟ್ಟಡಕ್ಕೆ. ಅಲ್ಲಿ ರೋಗ ಗೀಗ ಏನೂ ಇಲ್ಲ, ಬರೀ ಕಂಪ್ಯೂಟರು, ಫ್ರಿಜ್ಜು. ಎರಡನೇ ಮಹಡಿ."

"ಅವರು ಒಳಕಟ್ಟಡದಲ್ಲಿ ತಾನೇ ಕೆಲಸ ಮಾಡೋದು?"

"ಮೇಡಂ ಅವರಾ? ಅವರು ಈಚೆ ಬಂದು ಎರಡು ವರ್ಷ ಆಯ್ತಲ್ಲ."

ನಾನು ಪೆನ್ನು ಹಿಡಿದು ಹಾಗೇ ನಿಂತೆ. ಹಿಂದೆ ಯಾರೋ ಕೊರಿಯರಿನವನು ಕೆಮ್ಮಿದ ಮೇಲೆ ಸಹಿ ಹಾಕಿದೆ.

ಎರಡನೆಯ ಮಹಡಿಯ ಕೊನೆಯ ಕೋಣೆ. ಗುಂಯ್‌ಗುಡುವ ದೊಡ್ಡ ಫ್ರಿಜ್ಜುಗಳು, ಬಣ್ಣಬಣ್ಣದ ಮುಚ್ಚಳದ ಪುಟ್ಟ ಕೊಳವೆಗಳ ಟ್ರೇಗಳು, ಕಿಟಕಿಯ ಕೆಳಗೆ ಮೇಜು. ಮೇಜಿನ ಮುಂದೆ ಒಬ್ಬ ಹೆಂಗಸು ಬೆನ್ನು ಮಾಡಿ ಕೂತಿದ್ದಳು. ಬೆನ್ನಿಗೆ ಇಳಿದ ಜಡೆ. ಯಾರೋ ಬೇರೆಯವರಿರಬೇಕು ಎಂದುಕೊಂಡೆ. ದಿನಕ್ಕೆ ಮೂರು ನಾಲ್ಕು ಸಲ ತಲೆ ತೊಳೆಯಬೇಕೆಂದು ಅಕ್ಕ ಕೆಲಸಕ್ಕೆ ಸೇರಿದ ವರ್ಷವೇ ಹುಡುಗರ ಹಾಗೆ ಕ್ರಾಪು ಮಾಡಿಸಿಕೊಂಡಿದ್ದಳು. ಆ ಹೆಂಗಸು ತಿರುಗಿದಳು. ಅಕ್ಕನೇ.

ಬೆಚ್ಚಿದಳು. ಎದ್ದಳು. ಏನು ಮಾಡಬೇಕೆಂದು ತೋಚದೆ ಮೇಜಿನ ಮೇಲಿದ್ದ ಕನ್ನಡಕ ಹಾಕಿಕೊಂಡು, "ಬಾ, ಕೂತ್ಕೋ. ಮೊಂಡಿ ಹೇಗಿದಾಳೆ?" ಎಂದಳು.

ನಾನು ಬೈಯಬೇಕೆಂದು ತಂದದ್ದೆಲ್ಲ ಮರೆತೇ ಹೋಯಿತು. "ಮೊಂಡಿ ನಿನಗೆ ಹೇಗೆ ಗೊತ್ತು?"

"ನಿನ್ನ ಕೊಟ್ಟಿಗೆ ರಕ್ತ ನನ್ನ ಹತ್ರಾನೇ ಬರೋದು. ನಿಮ್ಮ ಡಾಕ್ಟರು ಎರಡು ತಿಂಗಳಿಗೊಮ್ಮೆ ತಗೊಂಡು ಹೋಗ್ತಾರಲ್ಲ. ಕಿವಿ ನಂಬರು ಯಾವುದು ಯಾರದ್ದು ಅಂತ ಅಮ್ಮನ್ನ ಕೇಳಿ ಗುರುತು ಹಾಕ್ಕೊಂಡಿದೀನಿ. ನೋಡು, ಮೊಂಡಿಗೆ ಲಸಿಕೆ ಬಲ ನಾಲ್ಕೇ ತಿಂಗಳಿಗೆ ಇಳಿದುಹೋಗುತ್ತೆ. ಬೆಳ್ಳೀದು ವರ್ಷ ಆದ್ರೂ ಗಟ್ಟಿ. ಅವೆರಡೂ ತಾಯಿ ಮಗಳು, ಒಂದೇ ಮೇವು, ಒಂದೇ ದಿನ ಲಸಿಕೆ. ಆದ್ರೂ ಹೀಗೆ! ನನಗೆ ನಿದ್ದೆ ಕೆಡಿಸಿರೋದು ಇವೆರಡೇ."

ಅವಳ ಮುಖ ಹೊಳೆಯುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಅಮ್ಮನಂತೂ ಅವಳವಳಾದಳು, ಈಗ ನನ್ನ ಹಸುಗಳ ಮೈಯೊಳಗೂ ಹೊಕ್ಕು ಕೂತಿದ್ದಾಳೆ! ನಾನು ಇಷ್ಟು ವರ್ಷ ಕೆಚ್ಚಲು ಹಿಡಿದು ತಿಳಿಯದ್ದು ಇವಳಿಗೆ ಒಂದು ಹನಿ ರಕ್ತದಲ್ಲಿ ತಿಳಿಯುತ್ತದೆ.

"ಎರಡು ವರ್ಷದಿಂದ ಒಳಗೆ ಹೋಗಿಲ್ವಾ ನೀನು?" ಎಂದೆ.

ಅವಳ ಮುಖದ ಹೊಳಪು ಆರಿತು. "ಇಲ್ಲ."

"ರೂಲ್ಸು?"

"ಈಗ ನನಗಿಲ್ಲ. ಈ ರಕ್ತಾನೆಲ್ಲ ಕಾಯಿಸಿ, ನಿರಪಾಯ ಮಾಡಿ ಕಳಿಸ್ತಾರೆ."

"ಮತ್ತೆ ಮನೆಗೆ ಯಾಕೆ ಬರ್ಲಿಲ್ಲ? ಆ ಮುದುಕಿ ಮಂಡಿ ಎಳ್ಕೊಂಡು ಬಸ್ಸು ಹತ್ತಿ ಬರ್ತಿತ್ತಲ್ಲೇ!"

ಅಕ್ಕ ಒಂದು ಕೊಳವೆ ಎತ್ತಿ, ಮತ್ತೆ ಅದರ ಜಾಗದಲ್ಲೇ ಇಟ್ಟಳು. "ಮನೇಲಿ ಅಮ್ಮ ನಿನ್ನ ಅಮ್ಮ ಕಣೇ. ಕೊನೇ ಸಲ ಬಂದಾಗ ನೀರು ಕುಡಿಯೋ ಲೋಟ ಎಲ್ಲಿದೆ ಅಂತ ಕೇಳ್ಬೇಕಾಯ್ತು ನಾನು. ನೀವಿಬ್ಬರೂ ಅರ್ಧ ಮಾತಾಡ್ಕೊಂಡು ನಗ್ತೀರಿ. ಯಾಕೆ ನಗ್ತೀರಿ ಅಂದ್ರೆ, ಅದು ನಿನಗೆ ಗೊತ್ತಾಗಲ್ಲ ಅಂತೀರಿ. ಬೇಕರೀಲಿ ಹಾಗಲ್ಲ. ಅಲ್ಲಿ ಒಂದು ಗಂಟೆ ಅವಳು ನನ್ನೊಬ್ಬಳಿಗೇ ಅಮ್ಮ. ರೂಲ್ಸು ಹೋಯ್ತು ಅಂದ್ರೆ ಆ ಒಂದು ಗಂಟೆಯೂ ಹೋಗ್ತಿತ್ತು."

"ನಿನಗೇನೇ ಕಡಿಮೆ? ಮನೇಲಿ ಹೊತ್ತು ಹೊತ್ತಿಗೂ ನಿನ್ನದೇ ಜಪ."

"ಬೇಕರೀಲಿ ಪೂರ್ತಿ ನಿನ್ನದೇ ಜಪ. ನೀನು ಕರು ಎಳೆದದ್ದು, ನೀನು ಡೈರಿಯವನ ಹತ್ರ ಜಗಳ ಆಡಿದ್ದು. ನಾನು ಪ್ರಶಸ್ತಿ ಬಂತು ಅಂದ್ರೆ, ಒಳ್ಳೇದಾಯ್ತು ಪುಟ್ಟಿ ಅಂತ ಹೇಳಿ, ಮತ್ತೆ ನಿನ್ನ ಸುದ್ದಿ."

ನಾನು ನಂಬಲಿಲ್ಲ. ನಂಬಲು ಮನಸ್ಸೂ ಇರಲಿಲ್ಲ. ಸೋಮವಾರ ಡೈರಿ ಯಜಮಾನ ಹಸು ನೋಡಲು ಬರುತ್ತಾನೆ, ಅದೂ ಇವಳಿಗಾಗಿ ಎಂದು ಹೇಳಿದೆ. ಅಕ್ಕ ಬಿಳಿಚಿಕೊಂಡಳು.

"ನನಗೋಸ್ಕರ ಹಸು ಮಾರ್ತಾಳಾ? ಬೇಡ ಅನ್ನು ಅವಳಿಗೆ!"

"ನೀನೇ ಹೇಳು. ಬರೋಕೆ ಹಸು ಅಡ್ಡಿ ಇಲ್ಲ ಅಂತ ಹೇಳು."

"ಹೇಗೇ ಹೇಳ್ಲಿ? ಎರಡು ವರ್ಷ ಸುಳ್ಳು ಹೇಳಿದೀನಿ." ನನ್ನ ಕೈ ಹಿಡಿದುಕೊಂಡಳು. "ಏನಾದ್ರೂ ಬೇರೆ ಉಪಾಯ ಮಾಡೋಣ. ಇದೊಂದು ಮಾತ್ರ ಅಮ್ಮನಿಗೆ ಹೇಳ್ಬೇಡ, ದಮ್ಮಯ್ಯ."

ನಾನು ಕೈ ಬಿಡಿಸಿಕೊಂಡು ಬಂದೆ.

ವಾಪಸು ಬಸ್ಸಿನಲ್ಲಿ ನನಗೆ ರೆಕ್ಕೆ ಬಂದಿತ್ತು. ಸಿಕ್ಕಿಬಿದ್ದಳಲ್ಲ! ನನ್ನ ಹಸುವೂ ಉಳಿಯಿತು, ಅವಳ ಬಂಡವಾಳವೂ ಬಯಲಾಯಿತು. ಜಾಣೆ, ವಿಜ್ಞಾನಿ, ಮನೆತನದ ದೀಪ! ಇನ್ನು ಊಟಕ್ಕೆ ಕೂತಾಗ ಅವಳ ಹೆಸರೆತ್ತಲಿ ನೋಡೋಣ ಅಮ್ಮ. ಹೇಗೆ ಹೇಳಬೇಕು, ಎಲ್ಲಿ ನಿಲ್ಲಿಸಬೇಕು, ಕೊನೆಗೆ ನಿಟ್ಟುಸಿರು ಬಿಟ್ಟು "ನನಗೇ ಬೇಜಾರಾಯ್ತು ಅಮ್ಮ" ಎಂದು ಹೇಗೆ ಮುಗಿಸಬೇಕು, ಎಲ್ಲ ಜೋಡಿಸಿಕೊಂಡೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ "ಏನಮ್ಮ, ಒಳ್ಳೆ ಸಮಾಚಾರವಾ?" ಎಂದು ಕೇಳಿಯೇಬಿಟ್ಟಳು. ಹೌದಜ್ಜಿ ಎಂದೆ.

ಅಮ್ಮ ಮಂಡಿಯನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಬಟಾಣಿ ಸುಲಿಯುತ್ತಿದ್ದಳು. ನಾನು ಚಪ್ಪಲಿ ಬಿಡುವಷ್ಟೂ ತಾಳಲಿಲ್ಲ. ಬಾಗಿಲಲ್ಲೇ ನಿಂತು ಎಲ್ಲ ಸುರಿದೆ. ಕಾವಲುಗಾರ, ಹೊರಕಟ್ಟಡ, ಎರಡು ವರ್ಷ. ನಿಟ್ಟುಸಿರೂ ಬಿಟ್ಟೆ.

ಅಮ್ಮ ಇನ್ನೊಂದು ಕಾಯಿ ಸುಲಿದಳು. "ಗೊತ್ತು" ಎಂದಳು.

"ಗೊತ್ತಾ? ಏನು ಗೊತ್ತು?"

"ಕೂದಲು ಬಿಟ್ಟಳಲ್ಲ. ದಿನಕ್ಕೆ ನಾಲ್ಕು ಸಲ ತಲೆ ತೊಳೆಯೋಳು ಯಾರಾದ್ರೂ ಜಡೆ ಬಿಡ್ತಾರಾ? ಮೊದಲು ಭುಜಕ್ಕೆ ಬಂತು, ಆಮೇಲೆ ಬೆನ್ನಿಗೆ ಬಂತು. ಬೇಕರೀಲಿ ಕೂತು ಬೆಳೆಯೋದನ್ನೇ ನೋಡ್ತಿದ್ದೆ. ಕೇಳ್ಲಿಲ್ಲ. ಕೇಳಿದ್ರೆ ನಾಚ್ಕೊಂಡು ಅಲ್ಲಿಗೂ ಬರದೆ ಹೋದ್ರೆ?"

"ಮತ್ತೆ ಹಸು ಯಾಕೆ ಮಾರೋಕೆ ಹೊರಟೆ?"

"ಹಸು ಇಲ್ದಿದ್ರೆ ಅವಳು ಸುಳ್ಳು ಒಪ್ಕೊಳ್ಳೋದೇ ಬೇಕಾಗಿಲ್ಲವಲ್ಲ. ಮರ್ಯಾದೆಯಿಂದ ಬಂದುಬಿಡ್ತಿದ್ಲು."

ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂತು. "ಅವಳ ಮರ್ಯಾದೆಗೆ ನನ್ನ ಹಸು! ನನಗೊಂದು ಮಾತು ಹೇಳೋಕೇನಾಗಿತ್ತು? ಎರಡು ವರ್ಷ ನಿನ್ನನ್ನ ಚಳೀಲಿ ಬಚ್ಚಲಿಗೆ ಅಟ್ಟಿದೀನಿ, ಸುಮ್ಮನೆ ಹೋಗಿ ಸ್ನಾನ ಮಾಡ್ಕೊಂಡು ಬರ್ತಿದ್ದೆಯಲ್ಲ! ಯಾಕೆ ಹೇಳ್ಲಿಲ್ಲ ನನಗೆ?"

ಅಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. ಕೋಪ ಇರಲಿಲ್ಲ. "ಹೇಳಿದ್ರೆ ನಿನಗೆ ಖುಷಿಯಾಗ್ತಿತ್ತು" ಎಂದಳು. "ಅವಳು ಬರಬಹುದಾಗಿತ್ತು, ಬರ್ಲಿಲ್ಲ ಅಂತ ಗೊತ್ತಾದ್ರೆ ನಿನಗೆ ಖುಷಿಯಾಗ್ತಿತ್ತು ಮಗಳೇ. ಆ ಖುಷಿ ನೋಡೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ. ಈಗ ಬಾಗಿಲಲ್ಲಿ ನಿಂತ್ಯಲ್ಲ, ಹಾಗೆ."

ನಾನು ಕೆಳಗೆ ನೋಡಿಕೊಂಡೆ. ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು.

"ಡೈರಿಯವನಿಗೆ ಬರೋದು ಬೇಡ ಅಂತ ಫೋನ್ ಮಾಡು" ಎಂದಳು ಅಮ್ಮ, ಬಟಾಣಿ ಬಟ್ಟಲನ್ನು ತೊಡೆಯಿಂದ ಇಳಿಸುತ್ತಾ. "ಇನ್ನು ಮಾರಿ ಏನು ಪ್ರಯೋಜನ. ನಿನಗೆ ಗೊತ್ತಾಗಿದೆ ಅಂತ ಅವಳಿಗೆ ಗೊತ್ತು. ಇನ್ನು ಬರಲ್ಲ ಅವಳು."

ಎರಡು ದಿನ ಅಮ್ಮ ಊಟಕ್ಕೆ ಕೂತಾಗ ಅಕ್ಕನ ಮಾತೆತ್ತಲಿಲ್ಲ. ನಾನು ಬಯಸಿದ್ದೂ ಅದನ್ನೇ ತಾನೆ? ಒಂಬತ್ತು ಹಸುವೂ ಕೊಟ್ಟಿಗೆಯಲ್ಲಿದ್ದವು, ಅಮ್ಮನೂ ನನ್ನ ಎದುರಿಗೇ ಇದ್ದಳು, ನನ್ನ ಬೆನ್ನು ಹೇಗಿದೆ ಎಂದು ಕೇಳಿದಳು ಕೂಡ. ಸಾಲ ತೀರಿಸುವ ಹಾಗೆ ಅವಳು ಕೇಳಿದ ರೀತಿಗೆ ನನಗೆ ತಟ್ಟೆ ಎತ್ತಿ ಬಿಸಾಡುವಷ್ಟು ಸಂಕಟವಾಯಿತು.

ಮೂರನೆಯ ದಿನ ಕೊಟ್ಟಿಗೆಯಿಂದಲೇ ಅಕ್ಕನಿಗೆ ಫೋನು ಮಾಡಿದೆ. "ಭಾನುವಾರ ಮನೆಗೆ ಬಾ. ಅಮ್ಮನಿಗೆ ಹಿಂದಿನಿಂದಲೂ ಗೊತ್ತಿತ್ತು. ಬೈಯಲ್ಲ."

"ನೀನು?"

"ನಾನು ಕೊಟ್ಟಿಗೇಲಿರ್ತೀನಿ. ನೀನು ಹೋಗೋ ತನಕ ಮನೆಯೊಳಗೆ ಕಾಲಿಡಲ್ಲ."

"ಅದ್ಯಾಕೇ?"

"ಇದು ನನ್ನ ರೂಲ್ಸು. ಲೋಟ ಒಲೆ ಪಕ್ಕದ ಎಡಗಡೆ ಕಪಾಟಿನಲ್ಲಿದೆ, ಕೇಳ್ಬೇಡ ಯಾರನ್ನೂ" ಎಂದು ಫೋನಿಟ್ಟೆ.

ಭಾನುವಾರ ಮಧ್ಯಾಹ್ನ ಗೇಟಿನ ಸದ್ದಾಯಿತು. ನಾನು ಹೊರಗೆ ಬರಲಿಲ್ಲ. ಮೇವು ಹಾಕಿದೆ, ಸಗಣಿ ಬಾಚಿದೆ, ಬಾಚಿದ ಜಾಗವನ್ನೇ ಮತ್ತೆ ಬಾಚಿದೆ. ನಮ್ಮ ಅಡುಗೆಮನೆಗೂ ಕೊಟ್ಟಿಗೆಗೂ ನಡುವೆ ಒಂದೇ ಗೋಡೆ, ಮೇಲೆ ಒಂದು ಗವಾಕ್ಷಿ. ಕಪಾಟಿನ ಬಾಗಿಲು ತೆರೆದದ್ದು ಕೇಳಿಸಿತು. ಅಮ್ಮ ಅತ್ತದ್ದು ಕೇಳಿಸಿತು. ಆಮೇಲೆ ಅಕ್ಕ. ಆಮೇಲೆ ಮೂಗು ಒರೆಸಿಕೊಂಡು ಇಬ್ಬರೂ ಟೀ ಕುಡಿದರು.

ಹಾಲು ಕರೆಯುವ ಹೊತ್ತಾಯಿತು. ಮೊಂಡಿಯ ಪಕ್ಕ ಕೂತು ಕೆಚ್ಚಲು ತೊಳೆದೆ. ಕಿವಿ ಮಾತ್ರ ಗೋಡೆಯ ಮೇಲಿತ್ತು. ಈಗ ನನ್ನ ಸುದ್ದಿ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಅಕ್ಕ ಹೇಳಿದ್ದಳಲ್ಲ, ಅಮ್ಮ ಅವಳ ಹತ್ತಿರ ಮಾತಾಡುವುದೇ ನನ್ನ ಬಗ್ಗೆ ಎಂದು. ಒಂದು ಮಾತೂ ಬರಲಿಲ್ಲ. ಅಮ್ಮ ಏನೋ ಅರ್ಧ ಹೇಳಿದಳು, ಉಳಿದರ್ಧವನ್ನು ಅಕ್ಕ ಹೇಳಿದಳು, ಇಬ್ಬರೂ ಜೋರಾಗಿ ನಕ್ಕರು. ಅಮ್ಮ ಕೆಮ್ಮುವ ತನಕ ನಕ್ಕಳು. ನನ್ನ ಜೊತೆ ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಯಾಕೆ ನಗುತ್ತಿದ್ದೀರಿ ಎಂದು ಎದ್ದು ಹೋಗಿ ಕೇಳಬೇಕು ಎನಿಸಿತು. ಎರಡೇ ಹೆಜ್ಜೆ. ಹೊಟ್ಟೆ ಧಗಧಗ ಉರಿಯಿತು. ಉರಿದರೆ ಉರಿಯಲಿ ಎಂದು, ಅವರಿಗೆ ಕೇಳಿಸದ ಹಾಗೆ ಹಾಲು ಕರೆಯುತ್ತಾ ಕೂತೆ.